ಹತ್ತು-ಹನ್ನೆರಡು ಅಡಿ ಕೋಣೆಯಲ್ಲಿ ಸ್ಟುಡಿಯೋ: ಎರಡು ಎಲ್‌ಇಡಿಯಾ, ಒಂದು ಫ್ಲ್ಯಾಶಾ?

ಪ್ರಶ್ನೆ: ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್‌ನ) ಕ್ಯಾಮೆರಾ, 50 ಎಂಎಂ ಲೆನ್ಸ್ ಇದೆ. ಪೋರ್ಟ್ರೇಟ್ ತೆಗೀಬೇಕು, ಬಜೆಟ್ ಕಮ್ಮಿ. ಹಿಂದೆ ಬಿಳಿ ಬಟ್ಟೆ ಕಟ್ಟಿದ್ರೂ ಫೋಟೋದಲ್ಲಿ ಬೂದು ಬಣ್ಣ ಬರ್ತಿದೆ. ಯಾಕೆ?

ಉತ್ತರ 1: ಒಂದು ಮ್ಯಾನ್ಯುವಲ್ ಫ್ಲ್ಯಾಶ್ (ಶಕ್ತಿಯನ್ನು ಕೈಯಿಂದಲೇ ಹೊಂದಿಸೋದು), ರೇಡಿಯೋ ಟ್ರಿಗರ್ (ತಂತಿಯಿಲ್ಲದೆ ಫ್ಲ್ಯಾಶ್ ಹೊಡೆಸೋ ಸಾಧನ), ಸ್ಟ್ಯಾಂಡ್, ಬೆಳಕು ಹಾಯುವ ಬಿಳಿ ಛತ್ರಿ. ಇಷ್ಟೇ ಸಾಕು. ಅಗ್ಗದ ಎಲ್‌ಇಡಿಗೆ ಅಷ್ಟು ಶಕ್ತಿ ಇರಲ್ಲ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಬೇಕಾಗುತ್ತೆ. ಛತ್ರಿಯನ್ನು ಮುಖದಿಂದ 3 ಅಡಿ ದೂರ, 45 ಡಿಗ್ರಿ ಓರೆಗೆ, ಕಣ್ಣಿಗಿಂತ ಮೇಲಿಡಿ. ಐಎಸ್‌ಒ 100, ಲೆನ್ಸ್ ದ್ವಾರ ಎಫ್ 5.6, ಶಟರ್ 1/160ರಿಂದ ಶುರು ಮಾಡಿ. ಶಟರ್ ತೀರಾ ವೇಗ ಮಾಡಿದ್ರೆ ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬೀಳುತ್ತೆ. ಬೆಳಕು ಮುಖಕ್ಕೆ ವಾಪಸ್ ಬೀಳೋಕೆ ನೆರಳಿನ ಕಡೆಗೆ ಥರ್ಮಾಕೋಲ್ ಹಾಳೆ ನಿಲ್ಲಿಸಿ.

ಉತ್ತರ 2: ಬಟ್ಟೆಯದ್ದು ತಪ್ಪಲ್ಲ, ದೂರದ್ದು. ದೀಪದಿಂದ ಮುಖ 3 ಅಡಿ, ಬಟ್ಟೆ 6 ಅಡಿ ಇದ್ರೆ ಬಟ್ಟೆಗೆ ಕಾಲು ಭಾಗ ಬೆಳಕಷ್ಟೇ ಸಿಗೋದು, ಅಂದ್ರೆ ಎರಡು ಸ್ಟಾಪ್ ಕಮ್ಮಿ (ಒಂದು ಸ್ಟಾಪ್ ಇಳಿದ್ರೆ ಬೆಳಕು ಅರ್ಧ). ಅಪ್ಪಟ ಬಿಳಿ ಬೇಕಂದ್ರೆ ಬಟ್ಟೆಗೇ ಇನ್ನೊಂದು ಫ್ಲ್ಯಾಶ್ ಹೊಡೀಬೇಕು. ನನ್ನ ಕೇಳಿದ್ರೆ ಬೂದೇ ಚೆಂದ. ಅಂದಹಾಗೆ, ಸೊಂಟದವರೆಗಿನ ಚಿತ್ರಕ್ಕೆ ಕ್ಯಾಮೆರಾದಿಂದ ಆಳಿಗೆ ಸುಮಾರು 6 ಅಡಿ ಸಾಕು. ಪೂರ್ತಿ ಆಳಿಗೆ 14 ಅಡಿ ಬೇಕು, ಈ ಕೋಣೆಯಲ್ಲಿ ಆಗದ ಮಾತು.

ಉತ್ತರ 3: ಟ್ಯೂಬ್‌ಲೈಟ್ ಆರಿಸಿ, ಪರದೆ ಎಳೀರಿ. ಗೋಡೆ ಹಸಿರಿದ್ರೆ ಕೆನ್ನೆಗೂ ಹಸಿರು ಛಾಯೆ ಬರುತ್ತೆ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಹಾಕಿ. ಫ್ಯಾನ್ ಗಾಳಿಗೂ ಛತ್ರಿ ಮಗುಚುತ್ತೆ. ಬಟ್ಟೆ ಮಡಚಬೇಡಿ, ಪಿವಿಸಿ ಪೈಪಿಗೆ ಸುತ್ತಿಡಿ.

ಪ್ರಶ್ನೆ ಕೇಳಿದವರು: ಕನ್ನಡಕದಲ್ಲಿ ಛತ್ರಿ ಕಾಣ್ತಿದೆಯಲ್ಲ?

ಉತ್ತರ 1: ಛತ್ರಿ ಇನ್ನೊಂದಡಿ ಏರಿಸಿ, ಗಲ್ಲ ತುಸು ತಗ್ಗಿಸೋಕೆ ಹೇಳಿ.