ಜರ್ಮನ್ ಪೌರತ್ವಕ್ಕೆ ಬಿ1: ಯಾವ ಪರೀಕ್ಷೆ ಕಟ್ಟುವುದು?

ಪ್ರಶ್ನೆ: ಪೌರತ್ವದ ಅರ್ಜಿಗೆ ಬಿ1 ಮಟ್ಟದ (ಮಧ್ಯಮ ಹಂತದ) ಜರ್ಮನ್ ಸರ್ಟಿಫಿಕೇಟ್ ಬೇಕು. ಗೋಯ್ಥೆ ಸಂಸ್ಥೆ ನಡೆಸುವ ಗೋಯ್ಥೆ ಬಿ1, ವಲಸಿಗರಿಗಾಗಿ ಇರುವ ಜರ್ಮನ್ ಪರೀಕ್ಷೆ ಡಿಟಿಝಡ್, ಈ ಎರಡರಲ್ಲಿ ಯಾವುದು ವಾಸಿ? ಮಾತು ಪರವಾಗಿಲ್ಲ, ಬರವಣಿಗೆಯೇ ಕೈಕೊಡುತ್ತದೆ.

ಉತ್ತರ 1: ಹಾಗಿದ್ದರೆ ಡಿಟಿಝಡ್ ಕಟ್ಟಿ. ವಲಸಿಗರಿಗೆ ಭಾಷೆ ಕಲಿಸುವ ಇಂಟಿಗ್ರೇಷನ್ ಕೋರ್ಸಿನ ಕೊನೆಯ ಪರೀಕ್ಷೆ ಇದೇ. ಓದು ಮತ್ತು ಆಲಿಸುವುದು ಸೇರಿ ಒಂದು ಭಾಗ, ಬರವಣಿಗೆ ಒಂದು, ಮಾತು ಒಂದು. ಮಾತಿನಲ್ಲಿ ಬಿ1 ಬರಲೇಬೇಕು. ಉಳಿದೆರಡರಲ್ಲಿ ಒಂದರಲ್ಲಿ ಬಂದರೂ ಒಟ್ಟು ಫಲಿತಾಂಶ ಬಿ1. ಅಂದರೆ ಬರವಣಿಗೆ ಒಂದು ಮಟ್ಟ ಕೆಳಗಿನ ಎ2ಕ್ಕೇ ನಿಂತರೂ ದಾಟಬಹುದು.

ಉತ್ತರ 2: ಗೋಯ್ಥೆಯಲ್ಲಿ ಆ ರಿಯಾಯಿತಿ ಇಲ್ಲ. ನಾಲ್ಕು ಮಾಡ್ಯೂಲ್, ಪ್ರತಿಯೊಂದರಲ್ಲೂ 100ಕ್ಕೆ 60 ಬೇಕು. ಆದರೆ ಫೇಲಾದ ಮಾಡ್ಯೂಲನ್ನಷ್ಟೇ ಮತ್ತೆ ಕಟ್ಟಬಹುದು, ಇದು ದೊಡ್ಡ ಅನುಕೂಲ. ಬರವಣಿಗೆಗೆ 60 ನಿಮಿಷ: ಪರಿಚಿತರಿಗೆ ಸುಮಾರು 80 ಪದದ ಇಮೇಲ್, ಚರ್ಚೆಯೊಂದಕ್ಕೆ 80 ಪದದ ಅಭಿಪ್ರಾಯ, 40 ಪದದ ಔಪಚಾರಿಕ ಇಮೇಲ್. ಮೊದಲನೆಯದರಲ್ಲಿ ಮೂರು ಅಂಶ ಕೊಟ್ಟಿರುತ್ತಾರೆ. ಒಂದನ್ನು ಬಿಟ್ಟರೂ, ವ್ಯಾಕರಣ ಎಷ್ಟೇ ಚೆನ್ನಾಗಿರಲಿ, ಅಂಕ ಹೋಗುತ್ತದೆ. ಕೊನೆಯದರಲ್ಲಿ ‘ಡು’ (ನೀನು) ಹಾಕಬೇಡಿ, ‘ಝೀ’ (ನೀವು) ಅಂತಲೇ ಬರೆಯಿರಿ. ದಿನಾ ಗಡಿಯಾರ ಇಟ್ಟುಕೊಂಡು ಒಂದೊಂದು ಬರೆದು, ಬಲ್ಲವರಿಂದ ತಿದ್ದಿಸಿಕೊಳ್ಳಿ.

ಉತ್ತರ 3: ಕೋರ್ಸಿನ ಹಾಜರಾತಿ ಪತ್ರವನ್ನೇ ಸರ್ಟಿಫಿಕೇಟ್ ಅಂದುಕೊಳ್ಳಬೇಡಿ, ಅದು ಸಾಲದು. ಪೌರತ್ವ ಪರೀಕ್ಷೆಯೂ ಪ್ರತ್ಯೇಕ: 33 ಪ್ರಶ್ನೆ, 60 ನಿಮಿಷ, 17 ಸರಿಯಾದರೆ ಪಾಸು, ಶುಲ್ಕ 25 ಯೂರೊ. ಮೊದಲೇ ಪ್ರಕಟವಾಗಿರುವ 300ರಿಂದ 30, ನೀವಿರುವ ರಾಜ್ಯದ 10ರಿಂದ 3 ಪ್ರಶ್ನೆ ಬರುತ್ತವೆ. ಜರ್ಮನ್ ಶಾಲೆಯಲ್ಲೇ ಓದಿ ಪಾಸಾದ ಮಕ್ಕಳಿಗೆ ಸಾಮಾನ್ಯವಾಗಿ ಭಾಷಾ ಪರೀಕ್ಷೆ, ಪೌರತ್ವ ಪರೀಕ್ಷೆ ಎರಡೂ ಬೇಕಿಲ್ಲ, ಶಾಲೆಯ ಸರ್ಟಿಫಿಕೇಟೇ ಸಾಕು.