ಡ್ಯೂಟಿ ಮುಗಿದ ಮೇಲೂ ನಿಲ್ಲುತ್ತಿದ್ದವರು ಈಗ ನಿಲ್ಲುತ್ತಿಲ್ಲ: ಮೊದಲು ಏನು ಸರಿಪಡಿಸಬೇಕು?

ಪ್ರಶ್ನೆ (ವಾರ್ಡ್ ಮೇಲ್ವಿಚಾರಕಿ)

ಸರ್ಕಾರಿ ಆಸ್ಪತ್ರೆ, ಮೂರು ಪಾಳಿ, 30 ಶುಶ್ರೂಷಕರು. ಯಾರಾದರೂ ರಜೆ ಹಾಕಿದರೆ ಮೊದಲು ಒಂದು ಫೋನಿಗೆ ಇನ್ನೊಬ್ಬರು ಬರುತ್ತಿದ್ದರು. ಈಗ ಆಫ್‌ನಲ್ಲಿರುವವರು ಫೋನೇ ಎತ್ತುವುದಿಲ್ಲ. ಒಂದೆರಡು ದಿನದ ಸಿಕ್ ಲೀವ್ ಹೆಚ್ಚಿದೆ. ಜಗಳವಿಲ್ಲ, ದೂರೂ ಇಲ್ಲ, ಬರೀ ಮೌನ. ಸನ್ಮಾನ ಸಮಾರಂಭ, ಯೋಗ ಶಿಬಿರ ಮಾಡಿ ಎಂದು ಆಡಳಿತ ಹೇಳುತ್ತಿದೆ. ಅದರಿಂದ ಪ್ರಯೋಜನವಿದೆಯೇ?

ಉತ್ತರ 1 (ರೋಸ್ಟರ್, ಅಂದರೆ ಪಾಳಿ ಪಟ್ಟಿ ಬರೆಯುವವರು)

ಲೆಕ್ಕದಿಂದ ಶುರು ಮಾಡಿ ಮೇಡಂ. ಹಗಲು ರಾತ್ರಿ ಒಬ್ಬರು ಇರಲೇಬೇಕಾದ ಒಂದು ಜಾಗಕ್ಕೆ ವಾರಕ್ಕೆ 168 ಗಂಟೆ ಬೇಕು. ವಾರಕ್ಕೆ 40 ಗಂಟೆಯ ಡ್ಯೂಟಿಯಾದರೆ 4.2 ಜನ. ರಜೆ, ಕಾಯಿಲೆ, ತರಬೇತಿಗೆ ಐದನೇ ಒಂದು ಪಾಲು ಸಮಯ ಹೋಗುತ್ತದೆ ಎಂದಿಟ್ಟುಕೊಂಡರೆ 5.25 ಜನ. ಮಂಜೂರಾತಿ 4 ಜನರಿಗೆ ಇದ್ದರೆ ಉಳಿದದ್ದನ್ನು ಇಷ್ಟು ದಿನ ತುಂಬಿಸಿದ್ದು ಸಿಬ್ಬಂದಿಯ ಒಳ್ಳೆಯತನ.

ಇನ್ನೊಂದು ಸೋರಿಕೆ ಹ್ಯಾಂಡೋವರ್. ಎಂಟು ಗಂಟೆಯ ಮೂರು ಪಾಳಿ ಸೇರಿದರೆ ಸರಿಯಾಗಿ 24 ಗಂಟೆ, ರೋಗಿಗಳ ವಿವರ ಒಪ್ಪಿಸಲು ಒಂದು ನಿಮಿಷವೂ ಉಳಿಯುವುದಿಲ್ಲ. ದಿನಕ್ಕೆ ಅರ್ಧ ಗಂಟೆ, ತಿಂಗಳಿಗೆ 20 ಡ್ಯೂಟಿ ಎಂದರೆ ಒಬ್ಬರಿಂದ 10 ಗಂಟೆ, ನಿಮ್ಮ 30 ಜನರಿಂದ 300 ಗಂಟೆ. ಹೆಚ್ಚುಕಡಿಮೆ ಎರಡು ಹುದ್ದೆಗಳ ದುಡಿಮೆ, ಬಿಟ್ಟಿಯಾಗಿ.

ನಾಲ್ಕು ವಾರ ಬರೆದಿಡಿ: ತಡವಾಗಿ ಹೊರಟದ್ದು, ಊಟದ ಬಿಡುವು ತಪ್ಪಿದ್ದು, ಆಫ್ ದಿನ ಕರೆಸಿದ್ದು. ಹೆಸರು ಬೇಡ, ವಾರ್ಡ್ ಮತ್ತು ಪಾಳಿ ಸಾಕು. ಅದೇ ತಿಂಗಳು ಬಯೋಮೆಟ್ರಿಕ್ ನೋಡಿ ತಡವಾಗಿ ಬಂದವರಿಗೆ ಮೆಮೊ ಕೊಟ್ಟರೆ ಆಮೇಲೆ ಯಾರೂ ನಿಜ ಬರೆಯುವುದಿಲ್ಲ.

ಉತ್ತರ 2 (ಸಿಬ್ಬಂದಿ ಆರೋಗ್ಯ)

ಯೋಗ ಕೆಟ್ಟದ್ದಲ್ಲ, ಆದರೆ ಈ ರೋಗಕ್ಕೆ ಅದು ಮದ್ದಲ್ಲ. ಡ್ಯೂಟಿ ಮುಗಿದ ಮೇಲೆ ಶಿಬಿರ ಇಟ್ಟರಂತೂ ಸೋತವರಿಂದ ಇನ್ನೊಂದು ಗಂಟೆ ಕಿತ್ತುಕೊಂಡ ಹಾಗೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನೌಟ್ ಅನ್ನು, ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಬಳಲಿ ಹೋಗುವುದನ್ನು, ಕಾಯಿಲೆ ಎನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಸರಿಪಡಿಸಬೇಕಾದದ್ದು ಕೆಲಸವನ್ನು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಲಿಂಡಾ ಐಕೆನ್ ತಂಡ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಆಡಳಿತದ ಮುಂದಿಡಿ: ಒಬ್ಬ ಶುಶ್ರೂಷಕಿಗೆ ಒಬ್ಬ ರೋಗಿ ಹೆಚ್ಚಾದರೆ ಬರ್ನೌಟ್ ಸಂಭವ 23%, ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನದೊಳಗೆ ಸಾಯುವ ಸಂಭವ 7% ಹೆಚ್ಚು.

ನೀವು ಹೇಳಿದ ಮೌನ ನನಗೆ ಎಲ್ಲಕ್ಕಿಂತ ಆತಂಕದ್ದು. ತಪ್ಪು ಔಷಧಿ ಕೊಡುವಷ್ಟರಲ್ಲಿ ತಪ್ಪಿತು ಎಂಬಂಥ ವರದಿಗಳು ಈಚೆಗೆ ಕಡಿಮೆಯಾಗಿವೆಯೇ, ನೋಡಿ. ಆಗಿದ್ದರೆ ಅದನ್ನು ಸುಧಾರಣೆ ಅಂದುಕೊಳ್ಳಬೇಡಿ. ಹೇಳಿ ಫಲವಿಲ್ಲ ಎಂದು ಜನ ಕೈಬಿಟ್ಟಿರಬಹುದು.

ಉತ್ತರ 1 ಮತ್ತೆ

ರೋಸ್ಟರನ್ನು ಕನಿಷ್ಠ ನಾಲ್ಕು ವಾರ ಮೊದಲೇ ಹಾಕಿ. ಪಾಳಿ ಮುಂದಕ್ಕೆ ತಿರುಗಲಿ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಎರಡು ಡ್ಯೂಟಿಗಳ ನಡುವೆ 11 ಗಂಟೆ ಬಿಡುವಿರಲಿ. ಹಾಕಿದ ಮೇಲೆ ಬದಲಿಸಬೇಕಾದರೆ ಕೇಳಿಯೇ ಬದಲಿಸಿ. ಹೆಚ್ಚುವರಿ ದುಡಿದ ದಿನದ ಪರಿಹಾರ ರಜೆಯ ತಾರೀಖನ್ನು ಅಂದೇ ಬರೆಯಿರಿ, 30 ದಿನದೊಳಗಿನದ್ದು. "ಆಮೇಲೆ ತಗೊಳ್ಳಿ" ಎಂದ ರಜೆ ವರ್ಷದ ಕೊನೆಗೆ ಲ್ಯಾಪ್ಸ್ ಆಗುತ್ತದೆ, ಅಲ್ಲಿಗೆ ನಂಬಿಕೆಯೂ ಹೋಯಿತು.

ಉತ್ತರ 3 (ಆಡಳಿತ ವಿಭಾಗ)

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ಪ್ರೀತಿಯಿಂದ ಮಾಡುತ್ತಿದ್ದ ಕೆಲಸಕ್ಕೆ ಪುಡಿಗಾಸು ಕೊಟ್ಟರೆ ಏನೂ ಕೊಡದಿದ್ದಕ್ಕಿಂತ ಹೆಚ್ಚು ನೋವಾಗುತ್ತದೆ. ಹೊರಗುತ್ತಿಗೆಯವರಿಗೆ ಹೆಚ್ಚಿನ ದರ ಕೊಟ್ಟು ತರಿಸುವ ಮೊದಲು ಅದೇ ದರದಲ್ಲಿ ಆ ಪಾಳಿಯನ್ನು ನಿಮ್ಮವರಿಗೇ ಕೇಳಿ. ಪಕ್ಕದಲ್ಲಿ ಅದೇ ಕೆಲಸ ಮಾಡುವವರಿಗೆ ಎಷ್ಟು ಸಿಗುತ್ತಿದೆ ಎಂಬುದು ವಾರ್ಡಿನಲ್ಲಿ ಗುಟ್ಟಾಗಿ ಉಳಿಯುವುದಿಲ್ಲ.

ಸಣ್ಣ ಸಂಗತಿಗಳೂ ಇವೆ: ಕೆಟ್ಟ ಬಿಪಿ ಉಪಕರಣ, ಬೀಗ ಬೀಳದ ಡ್ಯೂಟಿ ರೂಮ್. ಬೋರ್ಡಿನಲ್ಲಿ ಪಟ್ಟಿ ಮಾಡಿ, ವಾರಕ್ಕೆ ಒಂದನ್ನಾದರೂ ಮುಗಿಸಿ. ಆಗದ್ದಕ್ಕೆ "ಆಗುವುದಿಲ್ಲ, ಕಾರಣ ಇದು" ಎಂದು ಬರೆಯಿರಿ. ರೋಗಿಯ ಕಡೆಯವರು ಸಿಬ್ಬಂದಿ ಮೇಲೆ ಕೈಮಾಡಿದರೆ ಅದೇ ಪಾಳಿಯಲ್ಲಿ ಹಿರಿಯ ಅಧಿಕಾರಿಯೊಬ್ಬರು ವಾರ್ಡಿಗೆ ಬರಬೇಕು. ಮೊದಲು ಬಂದದ್ದು ವಿವರಣೆ ಕೇಳುವ ನೋಟಿಸ್ ಆದರೆ ನಿಮ್ಮ ಸನ್ಮಾನದ ಶಾಲು ಯಾರಿಗೂ ಬೇಡವಾಗುತ್ತದೆ.

ಪ್ರಶ್ನೆ ಕೇಳಿದವರು

ಸೋಮವಾರದಿಂದ ನಾಲ್ಕು ವಾರದ ದಾಖಲೆ ಶುರು ಮಾಡುತ್ತೇನೆ. ಅದು ಮುಗಿಯುವವರೆಗೆ ಮೆಮೊ ಬೇಡ ಎಂದು ಮೇಲಿನವರಿಂದ ಮೊದಲೇ ಬರೆಸಿಕೊಳ್ಳುತ್ತೇನೆ.