ಟ್ರೇಲರ್‌ದಾಗ ಇರೋರು ಗ್ಯಾಸ್ ಹೆಂಗ ಉಳಸಬೇಕು? ಗ್ಯಾಸ್ ಫಿಟ್ಟರ್ ಜೋಡಿ ಪ್ರಶ್ನೋತ್ತರ

ಪ್ರಶ್ನೆ (ಮುಧೋಳ): ನಮಸ್ಕಾರ್ರಿ ಅಣ್ಣಾರ. ಹೊಲದಾಗ ಮನಿ ಕಟ್ಟಸಾಕತ್ತೀವಿ, ಅದು ಮುಗಿಯೋತನಕ ಇರಾಕಂತ ಒಂದು ಹಳೇ ಟ್ರಾವೆಲ್ ಟ್ರೇಲರ್ (ಗಾಡಿ ಹಿಂದ ಕಟ್ಟಿ ಎಳ್ಯೋ ಗಾಲಿ ಮನಿ) ತಂದು ಎರಿ ಹೊಲದಾಗ ನಿಂದರಿಸೀವಿ, ನಾನು ನಮ್ಮ ಮನಿಯವ್ರು ಇಬ್ಬರು ಹುಡುಗ್ರು. ಒಳಗ ಎರಡು ಬರ್ನರಿನ ಒಲಿ, ಗ್ಯಾಸ್ ಮ್ಯಾಲೂ ಕರೆಂಟ್ ಮ್ಯಾಲೂ ನಡಿಯೋ ಫ್ರಿಜ್, ಹೊರಗ ತಗಡಿನ ಜಳಕದ ಮನಿ ಬಾಜೂಕ ಗ್ಯಾಸ್ ಗೀಸರ್. ಊರಾಗಿದ್ದಾಗ 14.2 ಕೆಜಿ ಸಿಲಿಂಡರ್ ತಿಂಗಳ ಮ್ಯಾಲೆ ಬರ್ತಿತ್ತು, ಇಲ್ಲಿ ಎರಡು ವಾರ ದಾಟೂದ್ರಾಗ ಖಾಲಿ. ರೊಟ್ಟಿ ದಿನಾ ಬಡೀಬ್ಯಾಡ್ರಿ, ಕಟಕ್ ರೊಟ್ಟಿ ಮಾಡಿ ಇಟಗೋರಿ ಅಂತ ಎಲ್ಲಾರೂ ಹೇಳ್ತಾರ. ಖರೇನ ಅಷ್ಟು ಉಳಿತೈತೇನ್ರಿ?

ಉತ್ತರ: ನಮಸ್ಕಾರ ಅಕ್ಕಾರ. ರೊಟ್ಟಿ ಬಿಡಬ್ಯಾಡ್ರಿ, ನಿಮ್ಮ ಗ್ಯಾಸ್ ತಿನ್ನಾಕತ್ತಿದ್ದು ರೊಟ್ಟಿ ಅಲ್ಲ, ಫ್ರಿಜ್. ಇಂಥ ಫ್ರಿಜ್ಜಿನಾಗ ಕಂಪ್ರೆಸರ್ ಇರೂದಿಲ್ಲ, ಹಿಂದ ಸಣ್ಣ ಉರಿ ಹಗಲು ರಾತ್ರಿ ಹತ್ತಿ ಅಮೋನಿಯಾ ನೀರು ಕಾಸಿ ತಂಪು ಮಾಡ್ತೈತಿ. ಉರಿ ಸಣ್ಣದು ಅಂತ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ, ಆದ್ರ 100 ಲೀಟರ್ ಆಸುಪಾಸಿನ ಫ್ರಿಜ್ ದಿನಕ್ಕ 300 ಗ್ರಾಂ ಹತ್ತಿರ ಸುಡ್ತೈತಿ, ತಿಂಗಳಿಗೆ 9 ಕೆಜಿ ಆತು, ನಮ್ಮ ಕಡೆ ಬ್ಯಾಸಗ್ಯಾಗ 40 ಡಿಗ್ರಿ ದಾಟಿದ್ರ ಇನ್ನೂ ಜಾಸ್ತಿ.

ಮೊದಲ ಕೆಲಸ, ಗೌಂಡಿ ಕಡೆ ರಸಮಟ್ಟ ಇಸ್ಕೊಂಡು ಫ್ರಿಜ್ಜಿನ ಒಳಗ ಇಟ್ಟು ನೋಡ್ರಿ. ಉದ್ದಕ್ಕೂ ನೋಡ್ರಿ, ಅಡ್ಡಾನೂ ನೋಡ್ರಿ. ಆ ಫ್ರಿಜ್ಜಿನಾಗ ದ್ರವ ತನ್ನ ಭಾರಕ್ಕ ತಾನ ಇಳಿದು ಹರೀಬೇಕು, ಟ್ರೇಲರ್ ವಾಲಿದ್ರ ಅದು ಅಲ್ಲೇ ನಿಂದರತೈತಿ, ಉರಿ ಮಾತ್ರ ಹತ್ತೇ ಇರ್ತೈತಿ, ತಂಪು ಆಗೂದಿಲ್ಲ. ಎರಿ ಮಣ್ಣು ಮಳಿ ಬಿದ್ರ ಕುಸೀತೈತಿ, ಒಮ್ಮೆ ಸಮ ಮಾಡೀವಿ ಅಂತ ಬಿಡಾಕ ಬರೂದಿಲ್ಲ. ಗಾಲಿ ಮತ್ತ ಜಾಕಿನ ಕೆಳಗ ದಪ್ಪ ಫರಸಿ ಕಲ್ಲು ಹಾಕ್ರಿ, ಪ್ರತಿ ಮಳಿ ಆದಮ್ಯಾಲೆ ರಸಮಟ್ಟ ಇಡ್ರಿ. ಹಂಗ ಫ್ರಿಜ್ ಇರೋ ಗ್ವಾಡಿ ಪಡುವಣಕ್ಕ ಇದ್ರ ಟ್ರೇಲರ್ ತಿರುಗಿಸಿ ನಿಂದರಸ್ರಿ, ಇಲ್ಲಾ ಆ ಬಾಜೂಕ ಸ್ವಲ್ಪ ಬಿಟ್ಟು ನೆರಳು ಕಟ್ರಿ, ಫ್ರಿಜ್ಜಿನ ಜಾಳಿಗಿ ಮಾತ್ರ ಮುಚ್ಚಬ್ಯಾಡ್ರಿ. ಮನಿ ಕಟ್ಟಾಕ ತಗೊಂಡ ಟೆಂಪರರಿ ಮೀಟರ್ ಇದ್ದೇ ಇರ್ತೈತಿ, ಕರೆಂಟ್ ಇದ್ದಾಗೆಲ್ಲಾ ಫ್ರಿಜ್ ಕರೆಂಟಿಗೆ ತಿರುವ್ರಿ, ಹೋದಾಗ ಅಷ್ಟ ಗ್ಯಾಸ್.

ಎರಡನೇದು ಜಳಕದ ನೀರು. 20 ಲೀಟರ್ ನೀರು 20 ಡಿಗ್ರಿ ಏರಸಾಕ ಗೀಸರ್ 45 ಗ್ರಾಂ ಹತ್ತಿರ ಗ್ಯಾಸ್ ತಗೋತೈತಿ, ನಾಲ್ಕು ಮಂದಿ ದಿನಾ ಜಳಕಾ ಮಾಡಿದ್ರ ತಿಂಗಳಿಗೆ 5 ಕೆಜಿ ಮ್ಯಾಲೆ. ಮಧ್ಯಾಹ್ನ ಡ್ರಿಪ್ ವಾಲ್ವ್ ತಗದಾಗ ಪೈಪಿನ ಮೊದಲನೇ ನೀರು ಕೈ ಸುಡೂದು ನೀವೂ ನೋಡಿರ್ತೀರಿ. ತೂತಿಲ್ಲದ 16 ಎಂಎಂ ಕರೀ ಪೈಪ್ 100 ಮೀಟರ್ ಸುರಳಿ ಮಾಡಿ ಟ್ರೇಲರ್ ಮ್ಯಾಲೆ ಹಾಕಿದ್ರ ಅದರಾಗ 15 ಲೀಟರ್ ನೀರು ಹಿಡೀತೈತಿ, ಇಲ್ಲಾ ಒಂದು ಕರೀ ಡ್ರಮ್ ಬಿಸಲಿಗೆ ಇಡ್ರಿ, ಜಳಕಾ ಮುಂಜಾನಿ ಬಿಟ್ಟು ಸಂಜೀಕ ಮಾಡ್ರಿ. ಗೀಸರ್ ಹೊರಗ ಐತಲ್ಲ, ಭಾಳ ಚಲೋ ಆತು, ಅದನ್ನ ಯಾವತ್ತೂ ಒಳಗ ತರಬ್ಯಾಡ್ರಿ.

ಅಡಗಿ ವಿಚಾರ ಸಣ್ಣದು. ಬ್ಯಾಳಿ ಕಾಳು ನೆನಿ ಇಟ್ಟು ಕುಕ್ಕರಿಗೆ ಹಾಕ್ರಿ, ಸೀಟಿ ಬಂದಮ್ಯಾಲೆ ಉರಿ ಇಳಸ್ರಿ. ಉರಿ ಹಳದಿ ಬಂದು ಪಾತೇಲಿ ತಳಾ ಕರ್ರಗಾಗಾಕತ್ತಿದ್ರ ಬರ್ನರ್ ತೂತು ಕಟ್ಟ್ಯಾವ, ಪಿನ್ ಹಾಕಿ ಬಿಡಸ್ರಿ.

ಪ್ರಶ್ನೆ (ಅಥಣಿ): ನಮ್ಮದೂ ಹಿಂಥಾದ್ದ ಗಾಡಿ ಐತ್ರಿ. ನೆಲಕ್ಕ ಎರಡು ತೂತು ಅದಾವ, ಚಳಿಗಾಲದಾಗ ಗಾಳಿ ಬರ್ತೈತಿ. ಅವನ್ನ ಮುಚ್ಚಿ ರಾತ್ರಿ ಒಲಿ ಸಣ್ಣಗ ಹಚ್ಚಿಟ್ರ ಬೆಚ್ಚಗ ಆಗ್ತೈತಿ, ಗ್ಯಾಸೂ ಕಡಿಮಿ ಅಂತಾರ.

ಉತ್ತರ: ಬ್ಯಾಡ್ರಿ, ಕೈ ಮುಗದು ಹೇಳ್ತೀನಿ ಬ್ಯಾಡ. ನಾವು ಬಳಸೋ ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರ ನೆಲಾ ಹಿಡೀತೈತಿ, ಆ ತೂತು ಇರೂದು ಅದು ಹೊರಗ ಹೋಗ್ಲಿ ಅಂತ. ಇನ್ನ ಮುಚ್ಚಿದ ಗಾಡ್ಯಾಗ ಒಲಿ ಹತ್ತಿದ್ರ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿ ತುಂಬತೈತಿ, ಅದಕ್ಕ ವಾಸನಿ ಇಲ್ಲ ಬಣ್ಣ ಇಲ್ಲ, ಮಲಗಿದವ್ರು ಏಳೂದಿಲ್ಲ. ಇನ್ನೊಂದು ದುಪ್ಪಡಿ ಹೊತಗೊಂಡು ಮಲಗ್ರಿ. ಸೋರಿಕಿ ಸಂಶಯ ಬಂದ್ರ ಪೈಪಿಗೆ ಸಾಬೂನು ನೀರು ಹಚ್ಚಿ ಗುಳ್ಳಿ ಬರ್ತಾವೇನ ನೋಡ್ರಿ, ಕಡ್ಡಿ ಗೀರಬ್ಯಾಡ್ರಿ. ವಾಸನಿ ಜೋರ ಬಂದ್ರ ರೆಗ್ಯುಲೇಟರ್ ಬಂದ್ ಮಾಡಿ ಎಲ್ಲಾರೂ ಹೊರಗ ಬಂದು ಗ್ಯಾಸ್ ಸೋರಿಕಿ ಸಹಾಯವಾಣಿ 1906ಕ್ಕ ಫೋನ್ ಹಚ್ರಿ.

ಪ್ರಶ್ನೆ (ವಿಜಯಪುರ): ನಮ್ಮ ಮಗ ಅಮೆರಿಕಾದ ಮಿನೆಸೋಟಾದಾಗ ಟ್ರೇಲರಿನಾಗ ಇರ್ತಾನ್ರಿ. ಅಲ್ಲಿ ಪ್ರೊಪೇನ್ ಅಂತಾರ, ಹೀಟರಿಗೆ ಮೂರು ದಿನಕ್ಕೊಂದು ಸಿಲಿಂಡರ್ ಬೇಕಾಗ್ತೈತಂತ. ನಮ್ಮ ಗ್ಯಾಸಿನಂಥಾದ್ದ ಅಲ್ಲೇನ್ರಿ ಅದು?

ಉತ್ತರ: ಅದರ ಅಣ್ಣತಮ್ಮ ಅನ್ರಿ ಅಮ್ಮಾರ. ನಮ್ಮ ಸಿಲಿಂಡರಿನಾಗ ಬ್ಯುಟೇನೂ ಪ್ರೊಪೇನೂ ಕೂಡಿರ್ತಾವ. ಸೊನ್ನಿ ಡಿಗ್ರಿ ಹತ್ತಿರ ಬಂದ್ರ ಬ್ಯುಟೇನ್ ಆವಿ ಆಗೂದ ಬಿಡ್ತೈತಿ, ಪ್ರೊಪೇನ್ ಮೈನಸ್ 42ರ ತನಕ ಆಗ್ತೈತಿ, ಅದಕ್ಕ ಅಷ್ಟು ಚಳಿ ದೇಶದಾಗ ಪ್ರೊಪೇನ್. ಅಲ್ಲಿ ಗ್ಯಾಸ್ ತಿನ್ನೂದು ಫರ್ನೇಸ್, ಅಂದ್ರ ಗಾಡಿ ಬೆಚ್ಚಗ ಇಡೋ ಆ ಹೀಟರ್. 30,000 ಬಿಟಿಯು (ಹೀಟರಿನ ತಾಕತ್ತಿನ ಅಳತಿ) ಫರ್ನೇಸ್ ಸತತ ಹತ್ತಿದ್ರ 9 ಕೆಜಿ ಸಿಲಿಂಡರ್ 14 ತಾಸಿಗೆ ಮುಗೀತೈತಿ, ನಿಮ್ಮ ಮಗಂದು ಮೂರು ದಿನಾ ಬರ್ತೈತಂದ್ರ ಆಂವ ಹಿಡಿದ ಬಳಸಾಕತ್ಯಾನ. ಟ್ರೇಲರಿನ ಕೆಳಗ ಸುತ್ತಲೂ ಫೋಮ್ ಹಲಗಿ ಕಟ್ಟಿ ಗಾಳಿ ನುಗ್ಗದಂಗ ಮಾಡಾಕ ಹೇಳ್ರಿ, ಕಿಡಕಿಗೆ ಗುಳ್ಳಿ ಪ್ಲಾಸ್ಟಿಕ್ ಹಚ್ಚಲಿ, ನಿಂದರಿಸಿದ ಜಾಗದ ಬಾಡಗ್ಯಾಗ ಕರೆಂಟ್ ಸೇರಿದ್ರ ಹಗಲಿನಾಗ ಸಣ್ಣ ಎಲೆಕ್ಟ್ರಿಕ್ ಹೀಟರ್ ಇಟಗೊಳ್ಳಲಿ. ಆದ್ರ ಫರ್ನೇಸ್ ಪೂರ್ತಿ ಬಂದ್ ಮಾಡಬಾರದು, ಭಾಳ ಟ್ರೇಲರಿನಾಗ ಕೆಳಗಿನ ನೀರಿನ ಪೈಪು ಅದರ ಬಿಸಿ ಗಾಳಿಗೇ ಹೆಪ್ಪುಗಟ್ಟದ ಉಳಿದಿರ್ತಾವ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಬ್ಯಾಟರಿ ನೋಡ್ಯಾನೇನ, ಇವತ್ತ ರಾತ್ರಿ ಫೋನ್ ಮಾಡಿದಾಗ ಕೇಳ್ರಿ.

ಮುಧೋಳ: ಅಣ್ಣಾರ, ರಸಮಟ್ಟ ಇಟ್ಟು ನೋಡಿದ್ವಿ, ಬಾಗಲಾ ಕಡೆ ಗುಳ್ಳಿ ಗೀಟು ದಾಟಿ ಪೂರ್ತಿ ಒಂದ ಕಡೆ ಹೋಗೈತ್ರಿ.

ಉತ್ತರ: ಹಂಗಾರ ಈಗ ಫ್ರಿಜ್ಜಿನ ಗ್ಯಾಸ್ ಬಂದ್ ಮಾಡ್ರಿ ಅಕ್ಕಾರ, ಗಾಡಿ ಸಮ ಮಾಡಿ ಕೆಲವು ತಾಸು ಹಂಗ ಬಿಟ್ಟು ಆಮ್ಯಾಲೆ ಹಚ್ರಿ. ಹೊಸಾ ಸಿಲಿಂಡರ್ ಹಚ್ಚಿದ ದಿನಾ ತಕ್ಕಡ್ಯಾಗ ತೂಗಿ ಬರದಿಡ್ರಿ, ಖಾಲಿ ತೂಕ ಸಿಲಿಂಡರ್ ಮ್ಯಾಲೇ ಇರ್ತೈತಿ, ವಾರಕ್ಕೊಮ್ಮೆ ತೂಗಿದ್ರ ಎಷ್ಟು ಇಳೀತು ಅಂತ ತಿಳೀತೈತಿ. ಫ್ರಿಜ್ ಕರೆಂಟ್ ಮ್ಯಾಲಿದ್ದ ವಾರದ್ದು, ಗ್ಯಾಸ್ ಮ್ಯಾಲಿದ್ದ ವಾರದ್ದು ಎರಡೂ ಇಲ್ಲೇ ಹಾಕ್ರಿ, ನೋಡಿ ಹೇಳ್ತೀನಿ.